ಉಡಿ ಬಿಚ್ಚದ ಹುಡುಗಿ

ಈ ವರ್ಷ ನಾಗರ ಪಂಚಮಿಯ ಮರುದಿನ ಮಧ್ಯಾಹ್ನ, ಆಳಂದ ತಾಲ್ಲೂಕಿನ ನರೋಣಾದ ಒಂದು ಮನೆಯ ಪಡಸಾಲೆಯಲ್ಲಿ ತೊಂಬತ್ತರ ಸಮೀಪದ ಇಬ್ಬರು ಹೆಂಗಸರು ಕುಳಿತು ಒಂದು ಹಳೆಯ ವಿದೇಶಿ ಸಿನಿಮಾ ನೋಡಿದರು. ಸಿನಿಮಾ ಅರ್ಧಕ್ಕೆ ನಿಂತಿತು. ನಿಲ್ಲಿಸಿದವರು ಅವರೇ.

ಒಬ್ಬಳು ನನ್ನ ತಾಯಿಯ ತಾಯಿ. ನಾವು ಆಯಿ ಎನ್ನುತ್ತೇವೆ. ಜೇವರ್ಗಿಯಲ್ಲಿ ನನ್ನ ತಾಯಿಯ ಜೊತೆ ಇದ್ದಾಳೆ. ಇನ್ನೊಬ್ಬಳು ಆಯಿಯ ಗೆಳತಿ, ನರೋಣಾದ ಆ ಮನೆಯ ಹಿರಿಯಳು. ಅವಳನ್ನು ನಮ್ಮ ಮನೆಯವರೆಲ್ಲ ನಾನಿ ಎಂದೇ ಕರೆಯುವುದು. ಇಬ್ಬರೂ ಹುಟ್ಟಿದ್ದು ನೆಲೋಗಿಯ ಒಂದೇ ಓಣಿಯಲ್ಲಿ. ಆಯಿಯ ತಂದೆಗೆ ಹೊಲವಿತ್ತು. ನಾನಿಯ ತಂದೆ ಬಳೆಗಾರ. ತಟ್ಟು ಕುದುರೆಯ ಮೇಲೆ ಬಳೆಗಳ ಕಟ್ಟು, ಮಲಾರ, ಹೇರಿಕೊಂಡು ಸುತ್ತಲಿನ ಹಳ್ಳಿಗಳನ್ನು ತಿರುಗುತ್ತಿದ್ದ. ಮುಂದೆ ಆಯಿ ಜೇವರ್ಗಿಗೆ ಸೊಸೆಯಾಗಿ ಹೋದಳು, ನಾನಿ ನರೋಣಾಕ್ಕೆ.

ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಹೋಗುವುದು ನಮ್ಮ ಕಡೆಯ ರೂಢಿ. ನೆಲೋಗಿಯಲ್ಲಿ ಇಬ್ಬರ ಮನೆಯವರೂ ಉಳಿಯದ ಮೇಲೆ ಇವರು ತಾವೇ ಒಂದು ಕ್ರಮ ಮಾಡಿಕೊಂಡರು. ಒಂದು ವರ್ಷ ಆಯಿ ನರೋಣಾಕ್ಕೆ, ಮರುವರ್ಷ ನಾನಿ ಜೇವರ್ಗಿಗೆ. ನನಗೆ ತಿಳಿವಳಿಕೆ ಬಂದಾಗಿನಿಂದ ಇದು ತಪ್ಪಿದ್ದನ್ನು ನಾನು ಕಂಡಿಲ್ಲ. ಈ ವರ್ಷ ನರೋಣಾದ ಸರದಿ. ಡಬ್ಬಿಯಲ್ಲಿ ಶೇಂಗಾದುಂಡಿ, ಎಳ್ಳುಂಡಿ, ಚೀಲದಲ್ಲಿ ಹುರಿದ ಜೋಳದ ಅಳ್ಳು ತುಂಬಿಕೊಂಡು ಆಯಿಯನ್ನು ಕಾರಿನಲ್ಲಿ ಕರೆದೊಯ್ದವಳು ನಾನು.

ನನ್ನದು ಪತ್ರಿಕೆಯ ವರದಿಯ ಕೆಲಸ. ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲ್ಲೂಕುಗಳ ಸುದ್ದಿ ನನ್ನ ಪಾಲಿಗೆ ಬಂದು ಬಹಳ ವರ್ಷಗಳಾದವು. ಈ ಸಲ ನರೋಣಾಕ್ಕೆ ಹೋಗುವಾಗ ಹಬ್ಬದ ಜೊತೆಗೆ ಇನ್ನೊಂದು ಕೆಲಸವಿತ್ತು. ಸೆಪ್ಟೆಂಬರ್ ಹದಿನೇಳು ಹೈದರಾಬಾದ್ ಸಂಸ್ಥಾನದ ಜನ ಭಾರತಕ್ಕೆ ಸೇರಿದ್ದನ್ನು ನೆನೆಯುವ ದಿನ. ಆ ದಿನ ಆಯಿಯನ್ನು ವೇದಿಕೆಯ ಮೇಲೆ ಕೂರಿಸಿ ಶಾಲು ಹೊದಿಸಬೇಕೆಂದು ಜೇವರ್ಗಿಯ ಒಂದು ಸಂಘದವರು ನಿರ್ಧರಿಸಿದ್ದರು. ಕಾರಣ ನಾನೇ. ಹಲವು ವರ್ಷಗಳ ಹಿಂದೆ ನಮ್ಮ ಪತ್ರಿಕೆಯಲ್ಲಿ ನಾನೊಂದು ಬರಹ ಬರೆದಿದ್ದೆ. ಗಡಿಯಾಚೆ ಮುಂಬೈ ಪ್ರಾಂತದಲ್ಲಿ ಹೋರಾಟಗಾರರು ಶಿಬಿರ ಹಾಕಿಕೊಂಡಿದ್ದ ಕಾಲದಲ್ಲಿ, ಹನ್ನೆರಡು ವರ್ಷದ ಆಯಿ ತನ್ನ ಉಡಿಯಲ್ಲಿ ಕಾಗದವೊಂದನ್ನು ಬಚ್ಚಿಟ್ಟುಕೊಂಡು, ಗಡಿಯ ನಾಕಾ ದಾಟಿ, ಶಿಬಿರದಲ್ಲಿದ್ದ ಸೋದರಮಾವನಿಗೆ ತಲುಪಿಸಿದಳು ಎಂದು ಅದರಲ್ಲಿತ್ತು. ಆಯಿಗೆ ಓದು ಬಾರದು. ಅವಳ ವಿಷಯ ಅಚ್ಚಾಗಿದ್ದು ಅದೊಂದೇ. ಅದಕ್ಕೆ ಕಟ್ಟು ಹಾಕಿಸಿ ದೇವರ ಜಗುಲಿಯ ಪಕ್ಕದಲ್ಲಿ ತೂಗುಹಾಕಿದ್ದಾರೆ. ನನ್ನ ಅಣ್ಣನ ಮಗಳು ಶಾಲೆಯಲ್ಲಿ ಅದನ್ನೇ ನಾಟಕ ಮಾಡಿ, ತಾನೇ ಆಯಿಯಾಗಿದ್ದಳು.

ಸಂಘದವರು ಕೇಳಲು ಬಂದಾಗ ಆಯಿ ಒಂದೇ ಷರತ್ತು ಹಾಕಿದಳು: "ನನ್ನ ಗೆಳತಿ ಬಾಜೂ ಕೂಡಬೇಕ್ರಿ. ಅಕಿ ಬಂದ್ರ ಬರ್ತೇನಿ, ಇಲ್ಲಂದ್ರ ನಿಮ್ಮ ಶಾಲು ನಿಮಗ." ನಾನಿಗೆ ಮೂರು ಸಲ ಫೋನ್ ಮಾಡಿದೆವು. ಮೂರು ಸಲವೂ ಬರುವುದಿಲ್ಲ ಎಂದಳು. ಕಾರಣ ಹೇಳಲಿಲ್ಲ. ಎದುರಿಗೆ ಕೂತು ಒಪ್ಪಿಸೋಣ ಎಂಬುದು ನನ್ನ ಲೆಕ್ಕ.

ಸಿನಿಮಾ ನನ್ನ ಲ್ಯಾಪ್‌ಟಾಪಿನಲ್ಲಿತ್ತು. ಅದರಲ್ಲಿಯೂ ಇಬ್ಬರು ಬಾಲ್ಯದ ಗೆಳತಿಯರು. ಒಬ್ಬಳು ಬರೆಯುವವಳು, ಇನ್ನೊಬ್ಬಳು ಯುದ್ಧಕಾಲದಲ್ಲಿ ಆಳುವವರ ವಿರುದ್ಧ ಗುಟ್ಟಾಗಿ ಕೆಲಸ ಮಾಡುವವಳು. ಬರೆಯುವವಳು ಗೆಳತಿಗಾಗಿ ರೈಲಿನಲ್ಲಿ ಗಡಿ ದಾಟುತ್ತಾಳೆ, ಟೊಪ್ಪಿಗೆಯೊಳಗೆ ಸಾಮಾನು ಬಚ್ಚಿಟ್ಟುಕೊಂಡು. ಕಾಲೇಜಿನ ದಿನಗಳಲ್ಲಿ ಕಲಬುರಗಿಯಲ್ಲಿ ಅದನ್ನು ನೋಡಿದಾಗಿನಿಂದ ಇವರಿಬ್ಬರಿಗೂ ತೋರಿಸಬೇಕೆಂದುಕೊಂಡಿದ್ದೆ. ತಮ್ಮದೇ ಕಥೆಯೆನಿಸಿ ನಾನಿಯ ಮನಸ್ಸು ಕರಗಬಹುದು ಎಂಬ ಆಸೆಯೂ ಇತ್ತು.

ನಾನಿಯ ಸೊಸೆ ಹಿಟ್ಟಿನ ಡಬ್ಬಿ ತಂದು ಬೋರಲು ಹಾಕಿ ಅದರ ಮೇಲೆ ಲ್ಯಾಪ್‌ಟಾಪ್ ಇಟ್ಟಳು. ನಾನು ಪಕ್ಕದಲ್ಲಿ ಕುಳಿತು ಒಂದೊಂದೇ ಮಾತನ್ನು ಕನ್ನಡದಲ್ಲಿ ಹೇಳುತ್ತ ಹೋದೆ. ಹತ್ತು ನಿಮಿಷದ ನಂತರ ನನ್ನ ಕನ್ನಡ ಯಾರಿಗೂ ಬೇಕಾಗಿರಲಿಲ್ಲ.

"ಈ ಸಣ್ಣಾಕಿ ಯಾರಬೇ?" ಎಂದಳು ಆಯಿ.

"ಅಕೀನೇ ಬರಿಯಾಕಿ. ಎತ್ತರದಾಕಿ ಲಡಾಯಿ ಮಾಡಾಕಿ," ಎಂದಳು ನಾನಿ.

"ನಿನಗ ಹ್ಯಾಂಗ ಗೊತ್ತಾತು?"

"ಮುಖಾ ನೋಡು. ಬರಿಯಾಕಿ ಮುಖದಾಗ ಯಾವಾಗ್ಲೂ ಸಿಟ್ಟಿರ್ತದ. ಬೇಕಾದ್ರ ನಿನ್ನ ಮೊಮ್ಮಗಳ್ನ ನೋಡು."

ಒಳಗೆ ಅಡುಗೆಮನೆಯಲ್ಲಿ ಸೊಸೆ ನಕ್ಕದ್ದು ಕೇಳಿಸಿತು. ಸಿನಿಮಾದಲ್ಲಿ ರೈಲು ಹೊರಟಿತು. ಟೊಪ್ಪಿಗೆ ತಲೆಗೇರಿತು.

"ಟೊಪ್ಪಿಗ್ಯಾಗ ಯಾರರ ಮುಚ್ಚಿಡತಾರೇನಬೇ? ಒಂದು ಗಾಳಿ ಬಂದ್ರ ಹೋತು!" ಆಯಿಗೆ ಆತಂಕ.

"ಅವರಿಗೆ ಸೆರಗಿಲ್ಲಲ್ಲ, ಪಾಪ. ಏನ ಮಾಡಬೇಕು?"

ಗಡಿಯ ಅಧಿಕಾರಿಗಳು ಬಂದು ಪ್ರಶ್ನೆ ಕೇಳುವಾಗ ಇಬ್ಬರೂ ಅಳ್ಳು ತಿನ್ನುವುದನ್ನು ಮರೆತರು. ಆಯಿಯ ಕೈ ತನ್ನಷ್ಟಕ್ಕೆ ತನ್ನ ಸೆರಗಿನ ಗಂಟನ್ನು ಹಿಡಿದುಕೊಂಡಿತು. ರೈಲು ಊರು ತಲುಪಿತು. ಬರೆಯುವವಳು ಹೇಳಿದ ಜಾಗಕ್ಕೆ ಹೋಗಿ, ಟೊಪ್ಪಿಗೆ ತೆಗೆದು, ಕೊಡಬೇಕಾದವರಿಗೆ ಕೊಟ್ಟಳು.

"ನಿಂದರಿಸು," ಎಂದಳು ನಾನಿ.

ನಿಲ್ಲಿಸಿದೆ.

"ನೋಡಿದೇನಬೇ? ತಗದು ಕೊಟ್ಟಳು. ಒಂದ ಮಾತು ಎದುರಾಡಲಿಲ್ಲ."

ಆಯಿ ಉಂಡಿಯನ್ನು ಬಾಯಿಂದ ಇಳಿಸಿದಳು. "ಈಗ ಅದ್ಯಾಕ ತಗೀತಿ?"

"ಅಕಿಗೂ ಒಬ್ಬಾಕಿ ಅವ್ವ ಇದ್ದಾಳು. ಅಕೀನೂ ಏನರ ಹೇಳಿ ಕಳಿಸಿದ್ದಾಳು. ಆದ್ರೂ ಕೊಟ್ಟಳು!"

"ಟೊಪ್ಪಿಗಿಗೆ ಏನ ನೇಮ ಇರ್ತದಬೇ? ಟೊಪ್ಪಿಗಿ ಬ್ಯಾರೆ, ಉಡಿ ಬ್ಯಾರೆ!"

ನಾನಿ ನಗಲು ಶುರು ಮಾಡಿದಳು. ದನಿಯಿಲ್ಲದ ನಗು, ಹೆಗಲು ಮಾತ್ರ ಕುಣಿಯುತ್ತಿತ್ತು. ಆಯಿ ಅವಳ ತೊಡೆಗೆ ಒಂದು ಹೊಡೆದಳು. ನನಗೆ ಅರ್ಥವಾಗಲಿಲ್ಲ.

"ಆಯಿ, ನೀನೂ ಕೊಟ್ಟಿಯಲ್ಲ, ಮಾವಗ?" ಎಂದೆ.

ನಾನಿ ನನ್ನ ಕಡೆ ತಿರುಗಿದಳು.

"ಕೊಟ್ಟಾಳಂತ ಪೇಪರಿನಾಗ ಬರದಾಕಿ ಯಾರು?"

"ನಾನು."

"ಯಾರ್ನ ಕೇಳಿ ಬರದಿ?"

"ಆಯಿನ್ನ."

"ನನ್ನ ಕೇಳಿದೇನು?"

ಕೇಳಿರಲಿಲ್ಲ. ಕಾಗದ ಒಯ್ದ ದಿನ ನಾನಿ ಜೊತೆಗಿದ್ದಳೆಂದು ಗೊತ್ತಿದ್ದೂ ಕೇಳಿರಲಿಲ್ಲ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ನಾನು ಮೊದಲ ದಿನ ಹೇಳುವ ಮಾತೆಂದರೆ, ಒಬ್ಬರು ಹೇಳಿದ್ದನ್ನು ಇನ್ನೊಬ್ಬರಿಂದ ಕೇಳಿ ಖಚಿತಪಡಿಸಿಕೊಳ್ಳಿ ಎಂಬುದು.

ಆ ಮಧ್ಯಾಹ್ನ ಟಿಪ್ಪಣಿ ಪುಸ್ತಕ ತೆಗೆದು ಇಬ್ಬರನ್ನೂ ಮೊದಲಿನಿಂದ ಕೇಳಿದೆ. ಇಬ್ಬರೂ ಒಪ್ಪಿದ ಸಂಗತಿಗಳು ಇಷ್ಟು.

ಸಂಸ್ಥಾನ ಭಾರತಕ್ಕೆ ಸೇರುವ ಮೊದಲಿನ ಪಂಚಮಿ. ರಜಾಕಾರರ ಭಯದ ಕಾಲ. ಆಯಿಗೆ ಆಗಲೇ ಮದುವೆಯಾಗಿತ್ತು, ಗಂಡನ ಮನೆಗೆ ಇನ್ನೂ ಕಳಿಸಿರಲಿಲ್ಲ. ಅವಳ ಸೋದರತ್ತೆಯ ಊರು ಗಡಿಯಾಚೆ, ಸಿಂದಗಿ ಕಡೆ. ಅಲ್ಲಿಗೆ ಹಬ್ಬದ ಉಂಡಿ ಮುಟ್ಟಿಸುವ ನೆವ. ಹಬ್ಬದ ಬಳೆ ಮಾರಲು ನಾನಿಯ ತಂದೆ ಹೇಗೂ ಆ ಕಡೆ ಹೋಗುವವನು. ನಾಕಾದ ಸಿಪಾಯಿಗಳಿಗೆ ಅವನ ಮುಖ ಪರಿಚಿತ. ಅವನ ಜೊತೆ ಇಬ್ಬರು ಹುಡುಗಿಯರು. ಆಯಿಯ ಅವ್ವ ಮಗಳ ಉಡಿ ತುಂಬಿದಳು: ಅಕ್ಕಿ, ಕೊಬ್ಬರಿ ಬಟ್ಟಲು, ಕುಬಸದ ಖಣ, ಖಣದ ಮಡಿಕೆಯೊಳಗೆ ಕಾಗದ. ಮುತ್ತೈದೆಯ ಉಡಿಗೆ ಯಾವ ಸಿಪಾಯಿಯೂ ಕೈ ಹಾಕುವುದಿಲ್ಲ ಎಂಬುದು ಅವಳ ಧೈರ್ಯ. "ಅತ್ತಿ ಮನಿಗೆ ಮಾವ ಬರ್ತಾನ, ಅವಗ ಕಾಗದ ಕೊಡು," ಎಂದಳು. ನಂತರ ಹೊಸ್ತಿಲಲ್ಲಿ ನಿಲ್ಲಿಸಿ, ಎಲ್ಲ ತಾಯಂದಿರೂ ಹೇಳುವುದನ್ನೇ ಹೇಳಿದಳು: "ದಾರ್ಯಾಗ ಮಾತ್ರ ಉಡಿ ಬಿಚ್ಚಬ್ಯಾಡ. ಯಾರು ಕೇಳಿದ್ರೂ ಬಿಚ್ಚಬ್ಯಾಡ. ಒಂದ ಕಾಳು ನೆಲಕ್ಕ ಬಿದ್ರ ಮನಿಗೆ ಚೊಲೊ ಅಲ್ಲ."

ನಾಕಾ ದಾಟಿತು. ಯಾರೂ ಮುಟ್ಟಲಿಲ್ಲ. ಆದರೆ ಅತ್ತೆಯ ಊರಿನ ಹತ್ತಿರ ಅಪರಿಚಿತರು ಓಡಾಡುತ್ತಿದ್ದಾರೆಂದು ತಿಳಿದು, ಮಾವ ಊರ ಹೊರಗಿನ ಬೇವಿನ ಮರದ ಕೆಳಗೇ ಇವರಿಗಾಗಿ ಕಾಯುತ್ತಿದ್ದ. ಕಾಗದ ಕೊಡು ಎಂದ.

"ನಾ ಕೊಡಂಗಿಲ್ಲ ಅಂದೆ," ಎಂದಳು ಆಯಿ, ನನ್ನ ಪುಸ್ತಕದ ಕಡೆ ನೋಡುತ್ತ. "ಅದು ದಾರಿ. ಅತ್ತಿ ಮನಿ ಅಲ್ಲ."

"ಮಾವ ಕೈ ಮುಗದ," ಎಂದಳು ನಾನಿ. "ಅಂಥಾ ಮೀಸಿ ಇದ್ದಾಂವ, ಇಕಿ ಮುಂದ ಮೊಣಕಾಲೂರಿ ಕುಂತು, 'ನಮ್ಮವ್ವ ಅಲ್ಲೇನು, ಒಂದೀಟು ಗಂಟು ಸಡಲಿಸು' ಅಂದ. ಇಕಿ ಎರಡೂ ಕೈಲೆ ಉಡಿ ಅಪ್ಪಿಕೊಂಡು ಹೋ ಅಂತ ಅಳಾಕತ್ತಳು. ಹೊಲದಾಗಿನ ಮಂದಿ ಎದ್ದು ನೋಡಾಕತ್ತರು."

"ನೀ ಹೇಳಬೇಕಿತ್ತಬೇ, ಕೊಡು ಅಂತ."

"ಹೇಳಿದ್ನಲ್ಲ! ನೀ ನನಗ ಕಚ್ಚಿದಿ!"

ಜನ ನೋಡುವುದನ್ನು ಕಂಡು ಮಾವ ಎದ್ದು ಹೊಲದ ಬದುವಿನಲ್ಲಿ ಮರೆಯಾದ. ಮೋಡ ಕವಿದಿತ್ತು, ಅತ್ತೆಯ ಮನೆಗೆ ಹೋಗುವುದೂ ಸರಿಯಲ್ಲವೆಂದು ಬಳೆಗಾರ ಅಲ್ಲಿಂದಲೇ ತಟ್ಟು ತಿರುಗಿಸಿದ. ಆಯಿ ಹೋದ ಹಾಗೆಯೇ, ಒಂದು ಕಾಳೂ ಚೆಲ್ಲದೆ, ಕಾಗದವನ್ನು ನೆಲೋಗಿಗೆ ವಾಪಸು ತಂದಳು. ದೇವರ ಮುಂದೆ ಉಡಿ ಬಿಚ್ಚಿದಾಗ ಖಣದಿಂದ ಅದು ಹೊರಬಿತ್ತು. ಅವ್ವ ಹಣೆ ಚಚ್ಚಿಕೊಂಡಳು, ನಂತರ ಮಗಳನ್ನು ಬೈಯಲೂ ಆಗದೆ ಕುಳಿತಳು. ತಾನೇ ಹೇಳಿದ್ದು.

ಮರುದಿನ ಬಳೆಗಾರ ಮತ್ತೆ ಹೊರಟ. ಈ ಸಲ ಆಯಿಯ ಅವ್ವ ಉಡಿ ತುಂಬಿದ್ದು ನಾನಿಗೆ. ಅದೇ ಅಕ್ಕಿ, ಅದೇ ಖಣ, ಅದೇ ಕಾಗದ. ನೇಮ ಏನೂ ಹೇಳಲಿಲ್ಲ. ಬೇವಿನ ಮರದ ಹತ್ತಿರ ಮಾವ ಬದುವಿನಿಂದ ಎದ್ದು ಬರುವುದರೊಳಗೆ ನಾನಿ ಗಂಟು ಬಿಚ್ಚಿ ಎಲ್ಲವನ್ನೂ ಅವನ ಪಂಚೆಗೆ ಸುರಿದು, ತಂದೆಯ ಹಿಂದೆ ಓಡಿದಳು.

ಕಾಗದದಲ್ಲಿ ಏನಿತ್ತೆಂದು ಕೇಳಿದೆ. ಇಬ್ಬರಿಗೂ ಗೊತ್ತಿಲ್ಲ.

ಸಿಕ್ಕಿಬಿದ್ದಿದ್ದರೆ ಬಳೆಗಾರನ ಗತಿ ಏನಾಗುತ್ತಿತ್ತೆಂಬುದು ಇಬ್ಬರಿಗೂ ಗೊತ್ತು. ಅವನು ಯಾಕೆ ಹೋದ ಎಂದು ನಾನಿಯನ್ನು ಕೇಳಿದೆ. "ಊರಿನ ಎಲ್ಲಾ ಹೆಣ್ಮಕ್ಕಳ ಕೈಗೆ ಬಳಿ ಇಟ್ಟಾಂವ ನಮ್ಮಪ್ಪ," ಎಂದಳು. "ಯಾರ ಕೈಯೂ ಬರೇ ಆಗಬಾರ್ದು ಅಂತಿದ್ದ. ಅಷ್ಟ ಅವನ ಮಾತು."

ಆಮೇಲೆ ಹದಿನೇಳರ ಮಾತು ಬಂತು.

"ನನಗ ಶಾಲೂ ಬ್ಯಾಡ, ಹಾರಾನೂ ಬ್ಯಾಡ," ಎಂದಳು ನಾನಿ. "ಆದ್ರ ಸುಳ್ಳಿನ ಬಾಜೂ ಕೂಡಂಗಿಲ್ಲ. ಖರೇ ಹೇಳತೇನಿ ಅಂದ್ರ ಹೇಳು, ಬರ್ತೇನಿ."

ವಾಪಸು ಬರುವಾಗ ಕಾರು ಕಲಬುರಗಿ ದಾಟಿತು. ನಂತರ ಆಯಿ ಹೇಳಿದಳು: "ನಾ ಸುಳ್ಳು ಹೇಳಿಲ್ಲಬೇ. ಒಯ್ದೆ ಅಂದೆ. ಕೊಟ್ಟೆ ಅಂತ ನೀವೇ ತಿಳ್ಕೊಂಡ್ರಿ. ಬ್ಯಾಡ ಅನ್ನಲಿಲ್ಲ, ಅಷ್ಟ." ಇನ್ನೂ ಸ್ವಲ್ಪ ದೂರ ಹೋದ ಮೇಲೆ, "ಆ ಪೋರಿ ನಾಟಕಾನೂ ಮಾಡಿಬಿಟ್ಟಾಳ," ಎಂದಳು.

ನಾನು ಮೂರನೆಯ ಸಾಕ್ಷಿಗಾಗಿ ಅಫಜಲಪುರಕ್ಕೆ ಹೋದೆ. ಸಂಸ್ಥಾನ ಭಾರತಕ್ಕೆ ಸೇರಿದ ಮೇಲೆ ಆ ಮಾವ ಅಲ್ಲಿ ನೆಲೆಸಿದ್ದ. ಅವನು ಈಗಿಲ್ಲ; ಎಪ್ಪತ್ತು ದಾಟಿದ ಮಗನಿದ್ದಾನೆ. ನೆಲೋಗಿಯಿಂದ ಬಂದ ಕಾಗದದ ವಿಷಯ ತಂದೆ ಎಂದಾದರೂ ಹೇಳಿದ್ದನೇ ಎಂದಷ್ಟೇ ಕೇಳಿದೆ. ಏನನ್ನೂ ನಾನಾಗಿ ಹೇಳಲಿಲ್ಲ.

"ಹೌದವ್ವಾ," ಎಂದ. "ಬಳಿಗಾರರ ಹುಡುಗಿ ತಂದು ಸುರದು ಓಡಿತಂತ. ಅಪ್ಪ ಕಾಗದ ಹುಡುಕೂ ತನಕ ಅಕ್ಕಿ ಎಲ್ಲಾ ಹೊಲದ ಪಾಲಾತು ಅಂತ ಹೇಳಿ ನಗತಿದ್ದ. ಹಿಂದಿನ ದಿನ ನಿಮ್ಮಾಯಿ ಅತ್ತು ಹೋಗಿದ್ದೂ ಹೇಳತಿದ್ದ. ಲಡಾಯಿಯೊಳಗ ಅಪ್ಪ ಸೋತಿದ್ದು ಆ ಪೋರಿ ಮುಂದ ಒಂದ ಸಲ ಅಂತ."

"ನಾನು ಬರೆದದ್ದನ್ನು ನೀವು ಓದಿರಲಿಲ್ಲವೇ?"

"ಓದಿದ್ದೆ. ಹಿರೇರ ವಿಷಯ, ನಾ ಯಾಕ ನಡುವ ಬಾಯಿ ಹಾಕಲಿ ಅಂತ ಸುಮ್ಮನಿದ್ದೆ."

ತಿದ್ದುಪಡಿ ಹಾಕಲೇಬೇಕಿತ್ತು. ಮೂರು ಸಾಲು ಬರೆದು ಜೇವರ್ಗಿಗೆ ಹೋಗಿ ಆಯಿಗೆ ಓದಿ ಹೇಳಿದೆ. ಎರಡು ಸಲ ಓದಿಸಿಕೊಂಡಳು.

"ಹದಿನೇಳಕ್ಕಿಂತ ಮೊದ್ಲ ಹಾಕತೀಯೋ, ಆಮ್ಯಾಲೋ?"

"ನೀನ ಹೇಳು."

"ಆಮ್ಯಾಲ ಹಾಕು," ಎಂದಳು. ವೇದಿಕೆಯ ಮೇಲೆ ಏನು ಹೇಳುತ್ತಾಳೆಂದು ನಾನೂ ಕೇಳಲಿಲ್ಲ. ಸಂಘದವರಿಗೆ ಮಾತ್ರ ಕಾರ್ಯಕ್ರಮಕ್ಕೆ ಬರುತ್ತೇನೆಂದು ಹೇಳಿ ಕಳಿಸಿದ್ದಳು. ಷರತ್ತನ್ನು ಅವಳಾಗಿಯೇ ಕೈಬಿಟ್ಟಿದ್ದಳು. ನನ್ನ ತಾಯಿಗೆ ಅದು ಸರಿ ಕಾಣಲಿಲ್ಲ. "ಗೆಳತಿ ಇಲ್ಲದ ಹೋಗಿ ಕೂತ್ರ ಅಕಿ ಇನ್ನ ಪಂಚಮಿಗೂ ಬರಂಗಿಲ್ಲ ನೋಡು," ಎಂದು ನನ್ನ ಬಳಿ ಹೇಳಿದಳು.

ಹದಿನೇಳರಂದು ಬೆಳಿಗ್ಗೆ ಧ್ವಜಾರೋಹಣವಾದ ಮೇಲೆ ಕಾರ್ಯಕ್ರಮ ಶುರುವಾಯಿತು. ಪೆಂಡಾಲಿನಲ್ಲಿ ಶಾಲೆಯ ಹುಡುಗಿಯರು ಮುಂದಿನ ಸಾಲಿನಲ್ಲಿದ್ದರು. ಆಯಿ ವೇದಿಕೆಯ ಮೇಲೆ ಹಸಿರು ಇಳಕಲ್ ಸೀರೆಯುಟ್ಟು ಕುಳಿತಿದ್ದಳು. ಪಕ್ಕದ ಕುರ್ಚಿ ಖಾಲಿ. ನಿರೂಪಕ ನನ್ನ ಹಳೆಯ ಬರಹದಿಂದಲೇ ಎರಡು ಸಾಲು ಓದಿದ. ಅಷ್ಟರಲ್ಲಿ ಹಿಂದಿನ ಸಾಲಿನಲ್ಲಿ ಗದ್ದಲ. ನಾನಿ ಸೊಸೆಯ ಕೈ ಹಿಡಿದು ಬಂದು, ಕೊನೆಯ ಕುರ್ಚಿಯಲ್ಲಿ ಕುಳಿತಳು. ನಾನು ಹತ್ತಿರ ಹೋಗಿ ಮೇಲೆ ಬನ್ನಿ ಎಂದೆ.

"ಇಲ್ಲೇ ಇರ್ತೇನಿ. ಏನ ಹೇಳತಾಳ ಕೇಳತೇನಿ. ಸುಳ್ಳಂದ್ರ ಇಲ್ಲಿಂದ ಎದ್ದು ಹೋಗಾಕ ಸಲೀಸು."

ಆಯಿಗೆ ದೂರದ ಕಣ್ಣು ಮಸುಕು. ನಾನಿ ಬಂದದ್ದು ಅವಳಿಗೆ ಕಂಡಿರಲಿಲ್ಲ. ಶಾಲು ಹೊದಿಸಲು ಬಂದವರನ್ನು ಕೈ ಮಾಡಿ ತಡೆದು, ಧ್ವನಿವರ್ಧಕ ಕೊಡಿ ಎಂದಳು.

"ನಾ ಕಾಗದ ಒಯ್ದಿದ್ದು ಖರೇ ಅದ," ಎಂದಳು. "ಕೊಟ್ಟಿದ್ದು ಖರೇ ಅಲ್ರಿ. ಹೊಳ್ಳಿ ಮನಿಗೆ ತಂದೆ."

ಆಯಿ ಉಡಿಯ ಕಥೆಯನ್ನು ಪೂರ್ತಿ ಹೇಳಿದಳು. ಮಾವ ಮೊಣಕಾಲೂರಿದ ಜಾಗದಲ್ಲಿ ಮುಂದಿನ ಸಾಲಿನ ಹುಡುಗಿಯರು ನಕ್ಕರು. ಕಚ್ಚಿದ ಜಾಗದಲ್ಲಿ ಇಡೀ ಪೆಂಡಾಲು ನಕ್ಕಿತು. ಹೆಂಗಸರ ಕಡೆಯಿಂದ ಒಬ್ಬಳು ಎದ್ದು, "ಆಯಿ, ದಾರ್ಯಾಗ ಬಿಚ್ಚಬಾರ್ದು ಅನ್ನೂದು ಬರೋಬ್ಬರಿ ಅದರಿ!" ಎಂದು ಕೂಗಿದಳು. ಆಯಿ ಅವಳ ಕಡೆ ಕೈಯೆತ್ತಿದಳು. ಕೊನೆಗೆ ಹೇಳಿದಳು: "ಕೊಟ್ಟಾಕಿ ನನ್ನ ಗೆಳತಿ. ಶಾಲು ಅಕಿದು. ಅಕಿ ಬಂದಿಲ್ಲ. ನರೋಣಾಕ್ಕ ಮುಟ್ಟಿಸ್ರಿ."

"ಬಂದೇನಿ ನಿಂದ್ರು!" ಎಂದು ಹಿಂದಿನಿಂದ ನಾನಿ ಕೂಗಿದ್ದು ನನಗೆ ಚೆನ್ನಾಗಿ ನೆನಪಿದೆ. ಪೆಂಡಾಲಿನ ನಡುವೆ ನಡೆದು ವೇದಿಕೆ ತಲುಪಲು ಅವಳಿಗೆ ಬಹಳ ಹೊತ್ತು ಹಿಡಿಯಿತು. ಜನ ಅಷ್ಟು ಹೊತ್ತೂ ಚಪ್ಪಾಳೆ ನಿಲ್ಲಿಸಲಿಲ್ಲ. ಆಯಿಯ ಪಕ್ಕದ ಕುರ್ಚಿಯಲ್ಲಿ ಕುಳಿತು, ಸುಧಾರಿಸಿಕೊಂಡ ಮೇಲೆ ಧ್ವನಿವರ್ಧಕ ಇಸಿದುಕೊಂಡಳು.

"ಅಕಿ ಹೇಳಿದ್ದೆಲ್ಲಾ ಬರೋಬ್ಬರಿ ಅದ. ಒಂದು ಬಿಟ್ಟಾಳ. ಹೊಳ್ಳಿ ಬರೂ ಮುಂದ ಇಕಿ ಇನ್ನೂ ಅಳಾಕತ್ತಿದ್ದಳು. ನಾಕಾದ ಸಿಪಾಯಿ 'ಯಾಕ ಅಳತಿ ಬೇಟಿ' ಅಂತ ಕೇಳಿದ. ಇಕಿ 'ಮಾವ ಕಾಗದ...' ಅಂತ ಬಾಯಿ ತಗದಳು. ನಮ್ಮಪ್ಪ ಲಗೂನ ಇಕಿ ಕೈ ಹಿಡದು, 'ಬಳಿ ಒಡದಾವ ಸಾಹೇಬ್ರ, ಅದಕ್ಕ ಅಳತದ' ಅಂದು, ಅಲ್ಲೇ ಕುಂತು ಎರಡೂ ಕೈಗೆ ಹೊಸಾ ಬಳಿ ಇಟ್ಟ. ಸಿಪಾಯಿ ನಕ್ಕು ಬಿಟ್ಟ. ಆ ಬಳಿ ನನಗ ಹಬ್ಬಕ್ಕಂತ ಇಟ್ಟಿದ್ದು. ಆ ಪಂಚಮಿಗೆ ನನ್ನ ಕೈಯಾಗ ಹಳೇ ಬಳೀನೇ!"

ಇದು ನನ್ನ ಟಿಪ್ಪಣಿಯಲ್ಲಿರಲಿಲ್ಲ. ಆಯಿ ಅವಳ ಕಡೆ ತಿರುಗಿ, "ಅದನ್ನ ನನಗ ಯಾಕ ಹೇಳಿಲ್ಲಬೇ ಇಷ್ಟ ವರ್ಷ?" ಎಂದದ್ದು ಧ್ವನಿವರ್ಧಕದಲ್ಲಿ ಎಲ್ಲರಿಗೂ ಕೇಳಿಸಿತು.

"ಹೇಳಿದ್ರ ಬಳಿ ಹೊಳ್ಳಿ ಕೊಡತಿದ್ದೇನು?"

ಸಂಘದವರು ತಂದಿದ್ದು ಒಂದೇ ಶಾಲು. ಅದನ್ನು ನಾನಿಗೆ ಹೊದಿಸಿದರು. ನನ್ನ ಅಣ್ಣನ ಮಗಳು ವೇದಿಕೆಯ ಕೆಳಗೆ ನಿಂತು, ಮುಂದಿನ ಸಲದ ನಾಟಕದಲ್ಲಿ ಅಳುವ ಭಾಗವೂ ತನಗೇ ಇರಲಿ ಎಂದು ನನ್ನ ತಾಯಿಗೆ ಹೇಳುತ್ತಿದ್ದಳು.

ತಿದ್ದುಪಡಿ ಎರಡು ದಿನದ ನಂತರ ಪ್ರಕಟವಾಯಿತು. ಮೂರು ಸಾಲು ಐದಾಗಿತ್ತು. ಬಳೆಯ ವಿಷಯ ಸೇರಿಸಿದ್ದೆ.

ನಾನಿ ಹದಿನೇಳರ ಸಂಜೆಯ ಬಸ್ಸಿಗೆ ನರೋಣಾಕ್ಕೆ ಹೋಗುವುದೆಂದು ಹೇಳಿದ್ದಳು. ಹೋಗಲಿಲ್ಲ. ಸೊಸೆಯೊಬ್ಬಳೇ ಹೋದಳು. ಈ ಬರಹ ಮುಗಿಸುವ ದಿನಕ್ಕೆ ನಾನಿ ಜೇವರ್ಗಿಗೆ ಬಂದು ಹದಿನಾರು ದಿನಗಳಾಗಿವೆ. ಮಗ ನರೋಣಾದಿಂದ ನಾಲ್ಕು ಸಲ ಫೋನ್ ಮಾಡಿದ್ದಾನೆ. ಇಂದು ಬೆಳಿಗ್ಗೆ ಮಾಡಿದಾಗ ಫೋನ್ ಎತ್ತಿದ್ದು ಆಯಿ. ದಸರೆಯ ತನಕ ಕಳಿಸುವುದಿಲ್ಲ ಎಂದು ಹೇಳಿ ಇಟ್ಟಳು.